ಬಿಚ್ಚಿ ಜೋಡಿಸುವ ದಂಡಿನ ಪೆಟ್ಟಿಗೆಗಳು

ಕಳೆದ ಮಾಘಮಾಸದಲ್ಲಿ ಕುಂದಾಪುರದ ಕಡೆ ಸಂಚರಿಸುವಾಗ ಬಸರೂರಿನ ಸಮೀಪ ಪರಿಚಿತರೊಬ್ಬರ ಮನೆಯಲ್ಲಿ ನಾವು ತಂಗಿದ್ದೆವು. ಉಗ್ರಾಣದಲ್ಲಿ ಅಕ್ಕಿ ತುಂಬಿದ ತೇಗದ ಪೆಟ್ಟಿಗೆಯೊಂದು ಕಣ್ಣಿಗೆ ಬಿತ್ತು. ಎಳೆಯುವ ಎರಡು ಖಾನೆಗಳು. ಮೂಲೆಮೂಲೆಗೂ ಹಿತ್ತಾಳೆಯ ಕಟ್ಟು. ಹಿಡಿಗಳು ಹೊರಚಾಚದೆ ಹಲಗೆಯೊಳಗೇ ಹುದುಗಿದ್ದವು. ಕಾಲುಗಳಿರಲಿಲ್ಲ, ಇಟ್ಟಿಗೆಗಳ ಮೇಲೆ ನಿಲ್ಲಿಸಿದ್ದರು.

"ಇದರ ಮೇಲಿನ ಅರ್ಧ ಎಲ್ಲಿದೆ?" ಎಂದು ಕೇಳಿದೆವು.

ಯಜಮಾನರು ಬೆರಗಾದರು. "ಗುರುಗಳೇ, ಮೇಲಿನದು ಅಣ್ಣನ ಮನೆಯಲ್ಲಿದೆ. ಪಾಲಿನ ಹೊತ್ತಿಗೆ ಎರಡು ಪೆಟ್ಟಿಗೆ ಎಂದೇ ಹಂಚಿಕೊಂಡೆವು" ಎಂದರು.

ಅದು ಎರಡು ಪೆಟ್ಟಿಗೆಯಲ್ಲ, ಒಂದೇ. ಆಂಗ್ಲರ ದಂಡಿನ ಅಧಿಕಾರಿಗಳು ಊರಿಂದೂರಿಗೆ ಒಯ್ಯುತ್ತಿದ್ದ ಸಾಮಾನಿನ ಜಾತಿಗೆ ಸೇರಿದ್ದು. ಪಯಣ ಹೊರಡುವಾಗ ಅದನ್ನು ಎರಡು ಭಾಗ ಮಾಡಿ, ಕಾಲುಗಳನ್ನು ತಿರುಗಿಸಿ ಬಿಚ್ಚಿ ಖಾನೆಯೊಳಗೆ ಹಾಕಿ, ಹೊರೆಯ ಪ್ರಾಣಿಯ ಎರಡು ಮಗ್ಗುಲಿಗೆ ಒಂದೊಂದರಂತೆ ಕಟ್ಟುತ್ತಿದ್ದರು. ಹಿಡಿ ಒಳಗೆ ಹುದುಗಿರುವುದೂ ಅದಕ್ಕಾಗಿಯೇ. ಹೊರಚಾಚಿದ ಹಿಡಿ ಹಗ್ಗಕ್ಕೆ ತೊಡಕುತ್ತದೆ, ಪ್ರಾಣಿಯ ಮೈಗೆ ತಿವಿಯುತ್ತದೆ.

"ಮ್ಯಾಥ್ಯೂಸನ ದಂಡು ಬಿಟ್ಟುಹೋದದ್ದು" ಎಂದು ಆ ಮನೆಯ ಹಿರಿಯರು ಹೇಳುತ್ತಿದ್ದರಂತೆ. ಜನರಲ್ ಮ್ಯಾಥ್ಯೂಸನು 1783ರಲ್ಲಿ ಕುಂದಾಪುರವನ್ನು ಹಿಡಿದು, ಹೊಸಂಗಡಿಯ ಘಟ್ಟವನ್ನೇರಿ, ಒಂದು ಕಾಲಕ್ಕೆ ಕೆಳದಿಯ ವೀರಶೈವ ಅರಸರ ರಾಜಧಾನಿಯಾಗಿದ್ದ ಬಿದನೂರಿಗೆ ಹೋದದ್ದು ನಿಜ. ಕೆಳದಿಯವರಿಂದ ಆ ನಗರ 1763ರಲ್ಲೇ ಹೈದರಾಲಿಯ ಕೈಸೇರಿತ್ತು. ಮ್ಯಾಥ್ಯೂಸನ ಗೆಲುವೂ ನಿಲ್ಲಲಿಲ್ಲ. ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಅವನು ಪ್ರಾಣಬಿಟ್ಟ. ಆದರೆ ಪೆಟ್ಟಿಗೆ ಅವನ ದಂಡಿನದೆಂಬ ಮಾತನ್ನು ನಾವು ಒಪ್ಪೆವು. ಹಿತ್ತಾಳೆಯ ಮೂಲೆಕಟ್ಟಿನ ಇಂಥ ಪೆಟ್ಟಿಗೆಗಳು ಹೆಚ್ಚಾಗಿ 19ನೆಯ ಶತಮಾನದವು. ದಂಡಿನವರಷ್ಟೇ ಅಲ್ಲ, ಜಮಾಬಂದಿಗೆ ಮೊಕ್ಕಾಂ ಮಾಡುತ್ತಿದ್ದ ಕಂದಾಯದ ಅಧಿಕಾರಿಗಳೂ ಇಂಥ ಸಾಮಾನನ್ನೇ ಬಳಸುತ್ತಿದ್ದರು. ವರ್ಗವಾದಾಗ, ಸ್ವದೇಶಕ್ಕೆ ಮರಳುವಾಗ ಅದನ್ನು ಏಲಂ ಹಾಕುವುದು ಅವರಲ್ಲಿ ರೂಢಿ. ನಮ್ಮವರ ಮನೆಗಳಿಗೆ ಇವು ಬಂದದ್ದು ಬಹುಶಃ ಆ ದಾರಿಯಿಂದ.

ಈ ಸೀಮೆಯ ದಾರಿಯನ್ನು ನೆನೆದರೆ ಅಂಥ ಸಾಮಾನು ಏಕೆ ಬೇಕಾಯಿತೆಂದು ತಿಳಿಯುತ್ತದೆ. 1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನನು ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಮೂಲಕ ಭಟ್ಕಳದತ್ತ ಸಾಗಿದ. ಇಂದು ಬಸ್ಸಿನಲ್ಲಿ ಕಣ್ಣುಮುಚ್ಚಿ ದಾಟುವ ಹೊಳೆಗಳನ್ನೆಲ್ಲ ಆಗ ದೋಣಿಯಲ್ಲಿ ದಾಟಬೇಕು. ಸೀತಾನದಿ ಇತ್ತು, ಮುಂದೆ ಗಂಗೊಳ್ಳಿಯಲ್ಲಿ ಐದು ಹೊಳೆಗಳು ಕೂಡುವ ಅಳಿವೆ. ಮೂಡಲಿಗೆ ತಿರುಗಿದರೆ ಬಂಡಿ ನಡೆಯದ ಘಟ್ಟ, ಅಲ್ಲಿ ಹೊರೆಯೆತ್ತು ಮತ್ತು ತಲೆಹೊರೆಯೇ ಗತಿ. ಸಾಲದುದಕ್ಕೆ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ. ಪ್ರಾಣಿಗಳ ಚರ್ಮ ಮೂಳೆ ಬೇಯಿಸಿ ಮಾಡಿದ ಅಂಟು ತೇವಕ್ಕೆ ಸಡಿಲುತ್ತದೆ. ಆದುದರಿಂದ ಹಿತ್ತಾಳೆಯ ತಿರುಪುಮೊಳೆ. ಹಲಗೆಗಳ ತುದಿಯ ಹಲ್ಲುಗಳನ್ನು ಒಂದರೊಳಗೊಂದು ಕಚ್ಚಿಸಿದ ಜೋಡಣೆ. ಮರವು ತೇಗ, ಇಲ್ಲವೆ ಹುಳು ಮುಟ್ಟದ ಕರ್ಪೂರದ ಮರ.

ಇದೇ ಕುಲದ ಕುರ್ಚಿಯೊಂದಿದೆ, ಉತ್ತರದ ರೂರ್ಕಿಯ ಹೆಸರು ಹೊತ್ತದ್ದು. 19ನೆಯ ಶತಮಾನದ ಕೊನೆಯಲ್ಲಿ ದಂಡಿನ ಬಳಕೆಗೆ ಬಂದಿತು. ಕಡೆದ ನಾಲ್ಕು ಕಾಲು, ಅವುಗಳ ತೂತಿಗೆ ಚೂಪಾಗುತ್ತ ಹೋಗುವ ಅಡ್ಡಕೋಲು, ಕ್ಯಾನ್ವಾಸಿನ ಆಸನ. ಅಂಟಿಲ್ಲ, ಮೊಳೆಯಿಲ್ಲ. ಕೂತವನ ಭಾರವೇ ಅದನ್ನು ಬಿಗಿಮಾಡುತ್ತದೆ; ನೆಲ ತಗ್ಗುದಿಣ್ಣೆಯಾದರೂ ನಾಲ್ಕು ಕಾಲುಗಳೂ ಊರುತ್ತವೆ. 1933ರಲ್ಲಿ ಡೆನ್ಮಾರ್ಕಿನ ಕಾರೆ ಕ್ಲಿಂಟ್ ಎಂಬಾತ ಇದನ್ನೇ ಮಾದರಿಯಾಗಿಟ್ಟುಕೊಂಡು ರಚಿಸಿದ ಕುರ್ಚಿ ಯುರೋಪಿನಲ್ಲೆಲ್ಲ ಹೆಸರಾಯಿತು. ಮಠದಲ್ಲಿ ಓದುವಾಗ ಮಡಿಸುವ ವ್ಯಾಸಪೀಠವನ್ನು ಕಂಕುಳಲ್ಲಿಟ್ಟುಕೊಂಡು ಗುರುಗಳ ಹಿಂದೆ ಅಲೆದ ನಮಗೆ ಈ ಜಾಣ್ಮೆ ತೀರ ಹೊಸದೆನಿಸಲಿಲ್ಲ.

ಆದರೆ ಇವನ್ನು ಉಳಿಸಿಕೊಳ್ಳುವ ರೀತಿ ಕಂಡು ಸಂಕಟವಾಗುತ್ತದೆ. ಬ್ರಹ್ಮಾವರದ ಕಡೆ ಒಂದು ಮನೆಯವರು ಇಂಥದೇ ಪೆಟ್ಟಿಗೆಯ ಹಿತ್ತಾಳೆಯನ್ನೆಲ್ಲ ಕಿತ್ತು ಗುಜರಿಗೆ ತೂಕಕ್ಕೆ ಮಾರಿದ್ದರು. ಕಟ್ಟು ಹೋದ ಮೇಲೆ ಮೂಲೆಗಳು ಬಾಯಿಬಿಟ್ಟಿದ್ದವು. ಅಲುಗಾಡುತ್ತದೆಂದು ಎರಡು ಭಾಗಗಳನ್ನು ಕಬ್ಬಿಣದ ಮೊಳೆ ಬಡಿದು ಒಂದುಮಾಡುವವರೂ ಉಂಟು. ಬಂಧುಗಳ ಮನೆಯಲ್ಲಿ ಇಂಥ ಪೆಟ್ಟಿಗೆಯಿದ್ದರೆ, ಆಚಾರಿಯನ್ನು ಕರೆಸುವ ಮುನ್ನ ನಡುವಿನ ಸೀಳನ್ನೂ ಅಡಿಯ ತಿರುಪಿನ ತೂತುಗಳನ್ನೂ ಒಮ್ಮೆ ನೋಡಿ. ಹಿತ್ತಾಳೆಯನ್ನು ಹುಣಿಸೆಹುಳಿ ಹಾಕಿ ವಾರವಾರ ತಿಕ್ಕುವುದೂ ಬೇಡ, ಒಣಬಟ್ಟೆ ಸಾಕು.

ಬಸರೂರಿನ ಆ ಮನೆಯಲ್ಲಿ ಮರುದಿನ ಅಟ್ಟ ಹುಡುಕಿಸಿದೆವು. ಹಳೆಯ ತೆಂಗಿನ ಹಗ್ಗಗಳ ನಡುವೆ ಮೂರು ಕಾಲುಗಳು ಸಿಕ್ಕವು. ತಿರುಗಿಸಿದರೆ ಇನ್ನೂ ಸರಿಯಾಗಿ ಕೂರುತ್ತವೆ. ನಾಲ್ಕನೆಯದನ್ನು ಕಡೆಯಲು ಆಚಾರಿ ಒಪ್ಪಿದ್ದಾನೆ. ಹತ್ತು ವರ್ಷಗಳಿಂದ ಮಾತಿಲ್ಲದ ಅಣ್ಣನ ಮನೆಗೆ ಮೇಲಿನ ಅರ್ಧದ ಅಳತೆ ತರಲು ಯಾರು ಹೋಗಬೇಕೆಂಬುದು ಮಾತ್ರ ನಾವು ಹೊರಡುವವರೆಗೂ ತೀರ್ಮಾನವಾಗಿರಲಿಲ್ಲ.