ದೂರದಿಂದ ನೆನೆದ ಊರು

ದೂರದೇಶದಲ್ಲಿ ನೆಲಸಿದ ಮೈಸೂರಿನವನು ತನ್ನ ಊರನ್ನು ಪರರಿಗೆ ಬಣ್ಣಿಸಹೊರಟರೆ, ಅರಮನೆ, ಚಾಮುಂಡಿಬೆಟ್ಟ, ಜಂಬೂಸವಾರಿಗಳೇ ಮೊದಲು ನಾಲಗೆಗೆ ಬರುತ್ತವೆ. ಇವು ಚಿತ್ರಪಟದಲ್ಲಿಯೂ ಕಾಣತಕ್ಕವು. ಊರೆಂದರೆ ಇಷ್ಟೇ ಅಲ್ಲವೆಂಬುದಕ್ಕೆ ಒಂದು ನಿದರ್ಶನವುಂಟು.

ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು 1916ರಲ್ಲಿ ಮೈಸೂರಿನಲ್ಲಿ ಜನಿಸಿದವರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸಮಾಡಿ ಅಲ್ಲಿನ ಬಾಳನ್ನು ಬರೆದುಕೊಂಡರು. ತಮ್ಮ ಬರಹಗಳಲ್ಲಿ ಅದಕ್ಕೆ ರಾಂಪುರವೆಂದು ಹೆಸರಿಟ್ಟರು. 1970ರಲ್ಲಿ ಅವರು ಅಮೆರಿಕದ ಸ್ಟಾನ್‌ಫರ್ಡಿನಲ್ಲಿದ್ದಾಗ, ದುಷ್ಕರ್ಮಿಗಳು ಹಚ್ಚಿದ ಬೆಂಕಿಯಲ್ಲಿ, ಪರಿಷ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಭಸ್ಮವಾದುವು. ಮಿತ್ರರ ಪ್ರೇರಣೆಯಿಂದ ಅವರು ಸ್ಮೃತಿಯನ್ನೇ ನೆಚ್ಚಿ ಬರೆಯತೊಡಗಿದರು. 1976ರಲ್ಲಿ ಅದು ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಇಂಗ್ಲಿಷ್ ಗ್ರಂಥವಾಗಿ ಪ್ರಕಟವಾಯಿತು.

ಬೆಂಕಿಗೆ ಸಿಕ್ಕದೆ ಉಳಿದುದೇನು? ಊರ ಮುಖ್ಯಸ್ಥರ ಸ್ವಭಾವ, ಬೇಸಾಯದ ಚಿಂತೆ, ಮನೆವಾರ್ತೆ, ಜಾತಿಜಾತಿಗಳ ಸಂಬಂಧ, ಪಂಗಡಗಳ ವೈಮನಸ್ಯ, ದೈವದಲ್ಲಿಟ್ಟ ನಂಬುಗೆ. ಒಳ್ಳೆಯದನ್ನು ಮಾತ್ರ ಆರಿಸಿಕೊಂಡು ಅವರು ಊರನ್ನು ಸಿಂಗರಿಸಲಿಲ್ಲ. ಹಿಂದೆ ಅಲ್ಲಿ ಜನರೊಡನೆ ಬೆರೆತು, ಕಣ್ಣಿಟ್ಟು ನೋಡಿದ್ದುದರಿಂದಲೇ ಸ್ಮೃತಿಯು ಕೈಕೊಡಲಿಲ್ಲ.

ವಾಚಕಮಹಾಶಯರೇ, ನಮ್ಮ ಮನೆಗಳ ಮಕ್ಕಳೂ ಕಡಲಾಚೆ ಹೋಗುತ್ತಿದ್ದಾರೆ. ಅವರಿಗೆ ಉಪ್ಪಿನಕಾಯಿ, ಸಾರಿನ ಪುಡಿಗಳನ್ನು ಕಟ್ಟಿಕೊಡುವುದನ್ನು ನಾವು ಮರೆಯೆವು. ಹೊರಡುವ ಮುನ್ನ ಒಂದು ದಿನ ದೇವರಾಜ ಮಾರುಕಟ್ಟೆಗೆ ಜೊತೆಯಲ್ಲಿ ಕರೆದೊಯ್ಯೋಣ. ಅಜ್ಜಿಯ ಬಳಿ ಕುಳ್ಳಿರಿಸಿ ಮನೆತನದ ಕಥೆಗಳನ್ನೂ, ನೆರೆಹೊರೆಯವರ ಜಗಳ ರಾಜಿಗಳನ್ನೂ ಕೇಳಿಸೋಣ. ಮುಂದೆ ಅವರ ಮಕ್ಕಳು “ನಿಮ್ಮೂರು ಹೇಗಿತ್ತು?” ಎಂದು ಕೇಳಿದಾಗ, ಉತ್ತರಕ್ಕೆ ಅರಮನೆಯ ಚಿತ್ರವೊಂದೇ ಸಾಲದು.