ಮಕ್ಕಳೊಡನೆ ಜಾನಪದ ಲೋಕದಲ್ಲಿ

ಬೆಂಗಳೂರಿನಿಂದ ಮೈಸೂರಿಗೆ ಸಾಗುವ ಹಳೆಯ ಹೆದ್ದಾರಿಯಲ್ಲಿ, ರಾಮನಗರದ ಹೆಬ್ಬಂಡೆಗಳ ಸಾಲನ್ನು ಹಿಂದಿಕ್ಕಿ ಚನ್ನಪಟ್ಟಣದ ಕಡೆಗೆ ತುಸು ದೂರ ನಡೆದರೆ, ರಸ್ತೆಯ ಮಗ್ಗುಲಲ್ಲಿಯೇ, ಮರಗಳ ನೆರಳು ಹಬ್ಬಿದ 15 ಎಕರೆಗಳ ವಿಸ್ತಾರದಲ್ಲಿ, ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ ನಿಲ್ಲಿಸಿರುವ ‘ಜಾನಪದ ಲೋಕ’ವು ಎದುರಾಗುತ್ತದೆ. 2023ರಲ್ಲಿ ಉದ್ಘಾಟನೆಗೊಂಡ ನೂತನ ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳೆರಡನ್ನೂ ಬಳಸಿಕೊಂಡು ಹೊರಗಿನಿಂದಲೇ ಹಾದುಹೋಗುವುದರಿಂದ, ಈಗ ಇಲ್ಲಿಗೆ ಬರುವವರು ಹಾದಿಯಲ್ಲಿ ಅಕಸ್ಮಾತ್ತಾಗಿ ಕಂಡು ಇಳಿಯುವವರಲ್ಲ. ಬರಬೇಕೆಂದು ಸಂಕಲ್ಪಿಸಿಯೇ ಹಳೆಯ ರಸ್ತೆಯನ್ನು ಹಿಡಿದವರು. ಅಂಥ ಸಂಕಲ್ಪಕ್ಕೆ ಈ ಸ್ಥಳವು ಎಲ್ಲ ವಿಧದಲ್ಲಿಯೂ ಅರ್ಹವಾಗಿದೆಯೆಂಬುದು, ಮನೆಯ ಮಕ್ಕಳನ್ನು ಕೈಹಿಡಿದು ಇಲ್ಲಿ ಸುತ್ತಾಡಿರುವ ನನ್ನ ದೃಢವಾದ ಅಭಿಪ್ರಾಯ.

ಜಗತ್ತಿನ ಮಹಾನಗರಗಳಲ್ಲಿ ಈಚೆಗೆ ಒಂದು ಹೊಸ ಬಗೆಯ ಕಲಾಮಂದಿರವು ತಲೆಯೆತ್ತಿದೆ. ಚಿತ್ರವು ಚೌಕಟ್ಟಿನೊಳಗೆ ಅಡಗಿರದೆ ನೆಲ, ಗೋಡೆ, ಮೇಲ್ಛಾವಣಿಗಳನ್ನೆಲ್ಲ ವ್ಯಾಪಿಸಿಕೊಂಡು, ನೋಡುವವನನ್ನು ತನ್ನ ಮಧ್ಯದಲ್ಲಿ ನಿಲ್ಲಿಸಿಕೊಳ್ಳುವ ಮಂದಿರ ಅದು. 2018ರಲ್ಲಿ ಟೋಕಿಯೋ ನಗರದಲ್ಲಿ ‘ಟೀಮ್‌ಲ್ಯಾಬ್’ ಎಂಬ ಕಲಾವಿದರ ಬಳಗವು ತೆರೆದ ಅಂಥದೊಂದು ಮಂದಿರದಲ್ಲಿ, ಗೋಡೆಯ ಮೇಲೆ ಅರಳುವ ಬೆಳಕಿನ ಹೂಗಳು ಮಗುವಿನ ಬೆರಳು ಸೋಕಿದೊಡನೆ ಎಸಳುದುರಿ ಚೆದರುತ್ತಿದ್ದವು. ಮುಟ್ಟಬಾರದೆಂಬ ನಿಷೇಧವೇ ಕಲೆಯ ಮೊದಲ ಪಾಠವಾಗಿದ್ದ ಮಕ್ಕಳಿಗೆ, ಮುಟ್ಟಿದರೆ ಮಾರುತ್ತರ ಕೊಡುವ ಕಲೆಯು ಎಂಥ ಉಲ್ಲಾಸವನ್ನು ತರುವುದೆಂದು ಯಾರಾದರೂ ಊಹಿಸಬಹುದು. ಅದು ಸತ್ಯವಾದ ಉಲ್ಲಾಸವೇ ಸರಿ. ಆದರೆ ನಮ್ಮ ಹಳ್ಳಿಗಳ ಕಲೆಗೆ ಈ ಗುಣವು ಹುಟ್ಟಿನಿಂದಲೇ ಬಂದದ್ದು. ಸೋಬಾನೆಯ ಪದವನ್ನು ಒಬ್ಬಾಕೆ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯಲೇಬೇಕು. ಬೀಸುವ ಪದವು ರಾಗಿಕಲ್ಲಿನ ಗೂಟವನ್ನು ಹಿಡಿದ ಕೈಯಿಲ್ಲದೆ ಹುಟ್ಟಲಾರದು. ಕೋಲಾಟದಲ್ಲಿ ಎದುರಿನವನ ಕೋಲು ಬಂದು ತಗುಲದಿದ್ದರೆ ತಾಳವೇ ಇಲ್ಲ. ಹಾಡುವವರು, ಕೇಳುವವರು ಎಂದು ಎರಡು ಪಂಗಡಗಳಾಗಿ ಒಡೆಯದಿದ್ದ ಆ ಕಲೆಯನ್ನು, ಒಡೆದುಹೋಗಿರುವ ಈ ಕಾಲದ ಮಕ್ಕಳ ಕೈಗೆ ಮರಳಿ ಕೊಡುವುದು ಹೇಗೆ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಜಾನಪದ ಲೋಕವನ್ನು ಪ್ರವೇಶಿಸಬೇಕು.

ಈ ಲೋಕವನ್ನು ಸೃಷ್ಟಿಸಿದವರು ಎಚ್. ಎಲ್. ನಾಗೇಗೌಡರು. 1915ರಲ್ಲಿ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಜನಿಸಿ, ಆಡಳಿತ ಸೇವೆಯಲ್ಲಿ ಜಿಲ್ಲಾಧಿಕಾರಿಯ ಪದವಿಗೇರಿ, ಅಧಿಕಾರದ ಕಡತಗಳ ನಡುವೆಯೂ ಬಾಲ್ಯದಲ್ಲಿ ಕೇಳಿದ ಹಾಡುಗಳನ್ನು ಮರೆಯದೆ ಉಳಿಸಿಕೊಂಡಿದ್ದ ಈ ಮಹನೀಯರು, ಧ್ವನಿಮುದ್ರಣ ಯಂತ್ರವನ್ನು ಹೊತ್ತುಕೊಂಡು ಹಳ್ಳಿಹಳ್ಳಿಗಳನ್ನು ತಿರುಗಿ, ಹಾಡುವ ಅಜ್ಜಿಯರ ಜಗಲಿಯ ಮೇಲೆ ಕುಳಿತು, ಇನ್ನೊಂದು ತಲೆಮಾರಿನಲ್ಲಿ ಅಳಿದುಹೋಗಲಿದ್ದ ಪದಗಳನ್ನು ಸಂಗ್ರಹಿಸಿದರು. ಕಾದಂಬರಿಕಾರರಾಗಿ ‘ದೊಡ್ಡಮನೆ’ಯನ್ನೂ, ವಿದ್ವಾಂಸರಾಗಿ ವಿದೇಶೀ ಯಾತ್ರಿಕರ ಬರಹಗಳನ್ನು ಕನ್ನಡಕ್ಕೆ ತಂದ ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳನ್ನೂ ಅವರು ರಚಿಸಿದರು. 1995ರಲ್ಲಿ ಮುಧೋಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಅವರಿಗೆ ಒಲಿಯಿತು. ಆದರೂ 1979ರಲ್ಲಿ ಸ್ಥಾಪಿಸಿದ ಜಾನಪದ ಪರಿಷತ್ತು, ಅದರ ಫಲವಾಗಿ 1994ರಲ್ಲಿ ರೂಪುಗೊಂಡ ಈ ಲೋಕ, ಇವೆರಡೇ ಅವರ ಜೀವಿತದ ಮುಖ್ಯ ಕೃತಿಗಳೆಂದು ನನಗೆ ತೋರುತ್ತದೆ. 2005ರಲ್ಲಿ ಅವರು ತೀರಿಕೊಂಡರು. ಇಲ್ಲಿನ ‘ಚಿತ್ರ ಕುಟೀರ’ದಲ್ಲಿ ಅವರ ಕ್ಷೇತ್ರಕಾರ್ಯದ ಭಾವಚಿತ್ರಗಳನ್ನೂ ಅವರು ಬಳಸಿದ ಸಲಕರಣೆಗಳನ್ನೂ ಇರಿಸಿದ್ದಾರೆ. ಮಕ್ಕಳು ಇಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ನಿಲ್ಲಿಸಲೂಬಾರದು. ಒಬ್ಬ ಮನುಷ್ಯನು ಒಂದು ಯಂತ್ರವನ್ನು ಹಿಡಿದು ಊರೂರು ಅಲೆದು ಇದನ್ನೆಲ್ಲ ಕೂಡಿಸಿದನೆಂಬ ಒಂದು ಮಾತನ್ನು ಹೇಳಿ ಮುಂದೆ ನಡೆದರೆ ಸಾಕು.

ಯುರೋಪಿನಲ್ಲಿ ಇಂಥ ಯೋಚನೆಗೆ ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ. ಸ್ವೀಡನ್ನಿನ ಆರ್ಟುರ್ ಹಝೇಲಿಯಸ್ ಎಂಬಾತನು 1891ರಲ್ಲಿ, ದೇಶದ ನಾನಾ ಭಾಗಗಳ ಹಳ್ಳಿಮನೆಗಳನ್ನು ಬಿಚ್ಚಿ ತಂದು ಸ್ಟಾಕ್‌ಹೋಮಿನ ಗುಡ್ಡದ ಮೇಲೆ ಮರಳಿ ಜೋಡಿಸಿ, ‘ಸ್ಕಾನ್ಸೆನ್’ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ತೆರೆದನು. ಕೈಗಾರಿಕೆಯ ಅಬ್ಬರದಲ್ಲಿ ಕಣ್ಮರೆಯಾಗುತ್ತಿದ್ದ ಗ್ರಾಮಜೀವನವನ್ನು ಉಳಿಸಿಕೊಳ್ಳುವ ಆತಂಕವೇ ಅವನನ್ನೂ ಪ್ರೇರಿಸಿದ್ದು. ನಮ್ಮ ನಾಡಿನಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಕಂಬಕಂಬವಾಗಿ ತಂದು ನಿಲ್ಲಿಸಿದ ಪರಂಪರಾ ಗ್ರಾಮವು ಅದೇ ದಾರಿಯದು. ನಾಗೇಗೌಡರ ಲೋಕವು ಮನೆಗಳಿಗಿಂತ ಹೆಚ್ಚಾಗಿ ಕಸುಬುಗಳನ್ನೂ ಕುಣಿತಗಳನ್ನೂ ಕುರಿತದ್ದಾದ್ದರಿಂದ, ಎಳೆಯರಿಗೆ ಒಂದು ಪಾಲು ಹೆಚ್ಚು ಹತ್ತಿರವೆಂದು ಹೇಳಬೇಕು.

ಇನ್ನು ಸುತ್ತಾಟದ ಕ್ರಮ. ಹೆಬ್ಬಾಗಿಲಿನಿಂದ ಬಂದವರನ್ನು ಹಾದಿಯು ಸಹಜವಾಗಿಯೇ ಪ್ರದರ್ಶನಶಾಲೆಗಳತ್ತ ಕರೆದೊಯ್ಯುತ್ತದೆ. ಆದರೆ ಮಕ್ಕಳಿರುವವರು ಮೊದಲು ‘ಆಯಗಾರ ಮಾಳ’ಕ್ಕೆ ಹೋಗುವುದು ಒಳ್ಳೆಯದೆಂದು ನಾನು ಒತ್ತಿ ಹೇಳುತ್ತೇನೆ. ಸುಗ್ಗಿಯ ಕಾಲದಲ್ಲಿ ಕಣದಲ್ಲಿಯೇ ಧಾನ್ಯದ ರೂಪದಲ್ಲಿ ತಮ್ಮ ಪಾಲನ್ನು, ಎಂದರೆ ಆಯವನ್ನು, ಪಡೆದುಕೊಂಡು ವರ್ಷವೆಲ್ಲ ಊರಿನ ಕೆಲಸವನ್ನು ಸಾಗಿಸುತ್ತಿದ್ದ ಕಮ್ಮಾರ, ಬಡಗಿ, ಕುಂಬಾರ, ಅಗಸ, ನೀರಗಂಟಿ ಮೊದಲಾದವರ ಬಾಳನ್ನು ನೆನಪಿಸುವ ನೇಗಿಲು, ಗಾಡಿ, ಮಗ್ಗ, ಗಾಣ, ಚಕ್ರಗಳು ಇಲ್ಲಿವೆ. ನಗರದ ಮಗುವು ಎಣ್ಣೆಯನ್ನು ಬಲ್ಲದು, ಗಾಣವನ್ನು ಅರಿಯದು. ಮರದ ಒರಳಿನೊಳಗೆ ದಿಮ್ಮಿಯು ಹೇಗೆ ತಿರುಗುತ್ತಿತ್ತು, ಎತ್ತು ಯಾವ ಕಡೆಯಿಂದ ಸುತ್ತುತ್ತಿತ್ತು, ಹಿಂಡಿಯು ಎಲ್ಲಿ ಉಳಿಯುತ್ತಿತ್ತು ಎಂದು ಅದರ ಸುತ್ತ ಒಮ್ಮೆ ನಡೆದು ತೋರಿಸಿದರೆ, ಆ ಮಗುವೇ ಎತ್ತಾಗಿ ನಾಲ್ಕು ಸುತ್ತು ತಿರುಗಿ ಬಂದೀತು. ತಿರುಗಲಿ, ಯಾವ ವಿವರಣ ಫಲಕವೂ ಆ ನಾಲ್ಕು ಸುತ್ತಿನಷ್ಟನ್ನು ಕಲಿಸಲಾರದು.

ಕುಂಬಾರನು ಚಕ್ರದ ಮುಂದೆ ಕುಳಿತಿರುವ ದಿನವಾದರೆ ಅದು ಭಾಗ್ಯವೆಂದೇ ತಿಳಿಯಬೇಕು. ಹದವಾದ ಜೇಡಿಮಣ್ಣಿನ ಮುದ್ದೆಯು ತಿರುಗುವ ಚಕ್ರದ ನಡುವೆ ಮೊದಲು ಅಲುಗಾಡಿ, ಆ ಮೇಲೆ ಕೈಯ ಒತ್ತಡಕ್ಕೆ ಶರಣಾಗಿ ನಿಶ್ಚಲವಾಗಿ, ಒಂದು ಹೆಬ್ಬೆರಳು ಒಳಗಿಳಿದೊಡನೆ ಬಾಯ್ದೆರೆದು ಮೇಲಕ್ಕೇಳುವ ಆ ದೃಶ್ಯವನ್ನು ನೋಡುತ್ತ ನಿಂತ ಮಕ್ಕಳಲ್ಲಿ, ತಾನೂ ಮಾಡುತ್ತೇನೆನ್ನದ ಮಗುವನ್ನು ನಾನು ಕಂಡಿಲ್ಲ. ಬಂದವರ ಕೈಗೂ ಮಣ್ಣನ್ನು ಕೊಡುವ ಪದ್ಧತಿಯು ಇಲ್ಲುಂಟು. ನಮ್ಮೊಡನಿದ್ದ ಹುಡುಗಿಯು ಉತ್ಸಾಹದಿಂದ ಮುದ್ದೆಯನ್ನು ಹಿಂಡಿಬಿಟ್ಟಾಗ, ಅವಳ ಕೈಯ ಮೇಲೆ ತನ್ನ ಕೈಯನ್ನಿಟ್ಟು ಆ ಹಿರಿಯನು, “ಅದುಮಬ್ಯಾಡ ಮಗಾ, ಸುಮ್ನೆ ಹಿಡ್ಕೊ, ಅದೇ ಏಳ್ತದೆ” ಎಂದನು. ಕೈಯಿಂದ ಕೈಗೆ ದಾಟುವ ವಿದ್ಯೆಯ ಸ್ವರೂಪವನ್ನು ಇದಕ್ಕಿಂತ ಸ್ಪಷ್ಟವಾಗಿ ನಾನು ಯಾವ ಗ್ರಂಥದಲ್ಲಿಯೂ ಓದಿಲ್ಲ. ಬೆಳಕಿನ ಹೂವು ಬಲವಾಗಿ ಮುಟ್ಟಿದವನಿಗೂ ಹಗುರವಾಗಿ ಮುಟ್ಟಿದವನಿಗೂ ಒಂದೇ ರೀತಿಯಲ್ಲಿ ಉದುರೀತು. ಜೇಡಿಮಣ್ಣು ಹಾಗಲ್ಲ, ಅದು ಬೆರಳಿನ ಅವಸರವನ್ನು ಒಡನೆಯೇ ತೋರಿಸಿಕೊಡುತ್ತದೆ, ತಾಳ್ಮೆಯನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ತೋರಿಸಿಕೊಡುತ್ತದೆ.

ಹೀಗೆ ಕೈಗೆ ಮಣ್ಣು ಹತ್ತಿದ ಮೇಲೆ ‘ಲೋಕಮಾತಾ ಮಂದಿರ’ವನ್ನು ಹೊಕ್ಕರೆ, ಅಲ್ಲಿನ ಗುಡಾಣ, ಮಡಕೆ, ಮೊರ, ಜರಡಿ, ಬೀಸುವ ಕಲ್ಲು, ಅಳತೆಯ ಸೇರು ಪಾವುಗಳು ಕೇವಲ ಹಳೆಯ ಸಾಮಾನುಗಳಾಗಿ ಕಾಣಿಸುವುದಿಲ್ಲ. ಮಾಡಿದವನ ಕೈಯನ್ನು ನೋಡಿ ಬಂದ ಕಣ್ಣು ಮಾಡಿದ ವಸ್ತುವನ್ನು ಬೇರೆ ರೀತಿಯಲ್ಲಿ ನೋಡುತ್ತದೆ. ಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನೂ ಕರೆತರಬೇಕು. ಈ ಮಂದಿರದಲ್ಲಿ ಅವರಿಗಿಂತ ಉತ್ತಮ ಮಾರ್ಗದರ್ಶಕರು ದೊರೆಯುವುದಿಲ್ಲ. ‘ದೊಡ್ಡಮನೆ’ ಎಂಬ ಕಟ್ಟಡವೂ ಹಾಗೆಯೇ. ಊರ ಗೌಡನ ಮನೆಯ ಮಾದರಿಯಲ್ಲಿರುವ ಅದರೊಳಗೆ, ಓಡಾಡುವ ಸ್ವಾತಂತ್ರ್ಯವಿದ್ದಷ್ಟೂ ಮಕ್ಕಳಿಗೆ ಹಿತ. ಕಲ್ಲಿನ ಶಿಲ್ಪಗಳನ್ನು ಇರಿಸಿರುವ ‘ಶಿಲ್ಪಮಾಳ’ವನ್ನು ಬೆಳೆದವರು ಬಿಡುವಾಗಿ ನೋಡಬಹುದು, ವೀರಗಲ್ಲಿನ ಕಥೆಯನ್ನು ಹೇಳಬಲ್ಲವರು ಜೊತೆಯಲ್ಲಿಲ್ಲದಿದ್ದರೆ ಮಕ್ಕಳಿಗೆ ಅಲ್ಲಿ ದಣಿವಾಗುತ್ತದೆ.

‘ಲೋಕಮಹಲ್’ ಎಂಬುದು ಇಲ್ಲಿನ ಮುಖ್ಯ ಪ್ರದರ್ಶನಶಾಲೆ. ಯಕ್ಷಗಾನದ ವೇಷಗಳು, ತೊಗಲುಗೊಂಬೆ, ಸೂತ್ರದಗೊಂಬೆಗಳು, ವಾದ್ಯಗಳು, ಕುಣಿತಗಳ ಪರಿಕರಗಳು ಇದರೊಳಗಿವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಿಗೆ ಇವುಗಳಲ್ಲಿ ಕೆಲವು ತಮ್ಮ ಊರ ಹಬ್ಬದ ಬಂಧುಗಳೇ ಆಗಿವೆ. ಬಿದಿರಿನ ಚೌಕಟ್ಟಿಗೆ ಬಣ್ಣದ ಸೀರೆಗಳನ್ನೂ ದೇವಿಯ ಮುಖವಾಡಗಳನ್ನೂ ಕಟ್ಟಿ, ಆ ಭಾರವನ್ನು ತಲೆಯ ಮೇಲೆ ಹೊತ್ತು, ಕೈಯ ಆಸರೆಯನ್ನೂ ಬಿಟ್ಟು ತಮಟೆಯ ಗತ್ತಿಗೆ ಹೆಜ್ಜೆ ಹಾಕುವ ಪೂಜಾ ಕುಣಿತವನ್ನು ಮಾಗಡಿ, ಕನಕಪುರಗಳ ಜಾತ್ರೆಗಳಲ್ಲಿ ನೋಡದವರು ವಿರಳ. ಗ್ರಾಮದೇವತೆಯ ಮುಂದೆ ಕಾವಲುಗಾರರಂತೆ ಕುಣಿಯುವ ಸೋಮರ ಭೀಕರವಾದ ಮುಖವಾಡದ ಮುಂದೆ ಚಿಕ್ಕ ಮಕ್ಕಳು ಬೆದರಿ ತಾಯಿಯ ಸೆರಗನ್ನು ಹಿಡಿಯುವುದುಂಟು. ಆ ಭಯವನ್ನು ನಗೆಯಾಡಿ ಕಳೆಯದೆ, ಊರನ್ನು ಕಾಯುವವನ ಮುಖ ಹೀಗಿರಬೇಕಾಯಿತೆಂದು ಗಂಭೀರವಾಗಿಯೇ ತಿಳಿಸಿದರೆ, ಅವರೇ ಮತ್ತೊಮ್ಮೆ ಮುಂದೆ ಬಂದು ದಿಟ್ಟಿಸಿ ನೋಡುತ್ತಾರೆ.

ಇಲ್ಲಿ ನನ್ನ ಒಂದು ಅತೃಪ್ತಿಯನ್ನು ಪ್ರೀತಿಯಿಂದಲೇ ಹೇಳಬೇಕಾಗಿದೆ. ಪೂಜೆಯ ಭಾರವು ತಲೆಗೆ ತಿಳಿಯಬೇಕಾದದ್ದು. ತೊಗಲುಗೊಂಬೆಯ ಬಣ್ಣವು ಹಿಂದಿನಿಂದ ದೀಪವು ಬೆಳಗಿದಾಗ ಪರದೆಯ ಮೇಲೆ ಕಾಣಬೇಕಾದದ್ದು. ತಮಟೆಯು ಬೆಂಕಿಯಲ್ಲಿ ಕಾಯಿಸಿದಾಗ ಚರ್ಮ ಬಿಗಿದು ಕೇಳಬೇಕಾದದ್ದು. ಅವೆಲ್ಲವೂ ನಿಶ್ಚೇಷ್ಟವಾಗಿ ನಿಂತಿರುವಾಗ, ಮಗುವಿನ ಅರ್ಧ ಪ್ರಶ್ನೆಗಳಿಗೆ ಉತ್ತರವಿಲ್ಲ. ಒಂದು ಬಿಳಿಯ ಪರದೆ, ಒಂದು ದೀಪ, ಮಕ್ಕಳು ಆಡಿಸಬಹುದಾದ ನಾಲ್ಕು ಗೊಂಬೆಗಳು, ಬಡಿಯಲು ಒಂದು ತಮಟೆ, ಹೊರಲು ಹಗುರವಾದ ಒಂದು ಪುಟ್ಟ ಪೂಜೆ, ಇಷ್ಟನ್ನು ಪ್ರತಿದಿನವೂ ಒದಗಿಸುವಂತಾದರೆ, ಲಕ್ಷಾಂತರ ಬೆಳಕಿನ ಬಿಂದುಗಳ ಮಂದಿರಗಳಿಗೆ ಸಾಧಿಸಲಾಗದ್ದನ್ನು ಈ ಮಹಲು ಸಾಧಿಸೀತು. ನಾಗೇಗೌಡರು ಮುದ್ರಿಸಿಕೊಂಡ ಕಂಠಗಳನ್ನೂ, ಆಯಾ ವಸ್ತುವಿನ ಪಕ್ಕದಲ್ಲಿಯೇ, ಬೀಸುವ ಕಲ್ಲಿನ ಬಳಿ ಬೀಸುವ ಪದವು ಕೇಳುವಂತೆ, ಮಕ್ಕಳ ಕಿವಿಗೆ ಬೀಳಿಸಬೇಕು. ಪರಿಷತ್ತಿಗೆ ಸಾಮಗ್ರಿಯ ಕೊರತೆಯಿಲ್ಲ. ಇದು ಜೋಡಣೆಯ ಮಾತು, ಮತ್ತು ಅದಕ್ಕೆ ಬೇಕಾದ ಧನಸಹಾಯವನ್ನು ಸರ್ಕಾರವೂ ನಾಡಿನ ಜನರೂ ಕೊಡಬೇಕಾದ ಮಾತು.

ಅಂಗಳದಲ್ಲಿ ಬುಗುರಿಯಾಡಿಸುವ ಅವಕಾಶ ದೊರೆತರೆ ತಂದೆಯರು ಹಿಂಜರಿಯಬಾರದು. ಬುಗುರಿಗೆ ಚಾಟಿಯನ್ನು ಸುತ್ತುವ ವಿದ್ಯೆ ಇನ್ನೂ ಅನೇಕರ ಬೆರಳಲ್ಲಿ ನಿದ್ರಿಸುತ್ತಿದೆ. ಆ ಬುಗುರಿಯ ಜಾಡನ್ನೇ ಹಿಡಿದು, ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳನ್ನು ಸಮೀಪದ ಚನ್ನಪಟ್ಟಣಕ್ಕೆ ಕರೆದುಕೊಂಡು ಹೋಗಬಹುದು. ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳಿಂದ ಈ ಊರಿಗೆ ಬಂದಿತೆಂದು ಪ್ರತೀತಿಯಿರುವ, ಭೌಗೋಳಿಕ ಸೂಚಿಯ ಮಾನ್ಯತೆಯನ್ನೂ ಪಡೆದಿರುವ ಅರಗಿನ ಬಣ್ಣದ ಗೊಂಬೆಗಳನ್ನು ಅಂಗಡಿಯಲ್ಲಿ ಕೊಂಡುಕೊಳ್ಳುವುದಕ್ಕೆ ಮೊದಲು, ಅನುಮತಿ ಪಡೆದು ಒಂದು ಕಾರ್ಖಾನೆಯೊಳಗೆ ಅವುಗಳ ಜನನವನ್ನು ನೋಡುವುದು ಉಚಿತ. ಚೆನ್ನಾಗಿ ಒಣಗಿಸಿದ ಆಲೆ ಮರದ ತುಂಡು ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುವಾಗ ಉಳಿಯ ಬಾಯಿಗೆ ನವುರಾದ ಹೊಟ್ಟು ಸುರುಳಿಯಾಗಿ ಹಾರುತ್ತದೆ. ಆಕಾರ ಮೂಡಿದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೇ ಅರಗು ಕರಗಿ ಮರವನ್ನು ಆವರಿಸಿಕೊಳ್ಳುತ್ತದೆ. ಕೊನೆಗೆ ಗರಿಯೊಂದನ್ನು ಒತ್ತಿ ಉಜ್ಜಿದಾಗ ಹೊಳಪು ಏಳುತ್ತದೆ. ಕುಂಚವೂ ಇಲ್ಲ, ಬೆಂಕಿಯೂ ಇಲ್ಲ. ಬಣ್ಣವು ಎಲ್ಲಿಂದ ಬಂತೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ, ಆಗ ಕೆಲಸಗಾರರು ಯಂತ್ರವನ್ನು ನಿಲ್ಲಿಸಿ ಇನ್ನೂ ಬೆಚ್ಚಗಿರುವ ಗೊಂಬೆಯನ್ನು ಅವರ ಅಂಗೈಯಲ್ಲಿಟ್ಟು ಉತ್ತರಿಸುವುದೂ ಉಂಟು.

ಜಾನಪದ ಲೋಕಕ್ಕೆ ಮಂಗಳವಾರ ಬಿಡುವು. ಮಕ್ಕಳಿಗೆ ಕುಣಿತಗಳನ್ನು ಜೀವಂತವಾಗಿ ತೋರಿಸಬೇಕೆನ್ನುವವರು, ನಾಡಿನ ನಾನಾ ಭಾಗಗಳ ಮೇಳಗಳು ಬಂದು ಸೇರುವ ವಾರ್ಷಿಕ ಲೋಕೋತ್ಸವದ ದಿನಗಳನ್ನು ಮುಂಚಿತವಾಗಿ ವಿಚಾರಿಸಿಕೊಂಡು ಹೊರಡಬೇಕು. ಕುಣಿತ ಆರಂಭವಾಗುವುದಕ್ಕೆ ಸಾಕಷ್ಟು ಮೊದಲೇ ತಲುಪಿ, ರಂಗಸ್ಥಳದ ಮುಂದಿನ ಆಸನಗಳಿಗಿಂತ ಕಲಾವಿದರು ಗೆಜ್ಜೆ ಕಟ್ಟಿಕೊಳ್ಳುವ, ತಮಟೆ ಕಾಯಿಸಿಕೊಳ್ಳುವ ಸ್ಥಳದ ಸಮೀಪದಲ್ಲಿ ನಿಲ್ಲುವುದು ಮಕ್ಕಳಿಗೆ ಹೆಚ್ಚು ಪ್ರಯೋಜನಕರ.