ಗುಟ್ಕಾ ಜಗಿಯುತ್ತ ‘ಪಂಪು ಚಟ’ ಎನ್ನುವವರಿಗೆ

“ಪಂಪ್ ಒಮ್ಮೆ ಹಚ್ಚಿದ್ರ ಮುಗೀತ್ರಿ. ಅದು ಚಟಾ ಆಗ್ತೈತಿ. ಸಾಯೂತನಕ ಬಿಡಂಗಿಲ್ಲ.”

ಇದನ್ನು ಹೇಳಿದ ಹಿರಿಯರ ಬಾಯಲ್ಲಿ ಗುಟ್ಕಾ ಇತ್ತು. ಹೇಳಿ ಮುಗಿಸಿದವರೇ ಅಂಗಡಿಯ ಮೆಟ್ಟಿಲ ಪಕ್ಕಕ್ಕೆ ಹೋಗಿ ಉಗುಳಿ ಬಂದು, “ನಮ್ಮ ಮನ್ಯಾಕಿಗೆ ದಮ್ಮಿನ ಗುಳಿಗೀನ ಕೊಡ್ರಿ” ಅಂದರು. ಡಾಕ್ಟರು ಚೀಟಿಯಲ್ಲಿ ಬರೆದಿದ್ದು ಇನ್ಹೇಲರ್, ಅಂದರೆ ಅವರು ಬೈದ ಅದೇ ಪಂಪು. ಚೀಟಿ ಅವರ ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು, ಗುಟ್ಕಾ ಪಾಕೀಟಿನ ಜೋಡಿ.

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಔಷಧ ಅಂಗಡಿ ಇಟ್ಟುಕೊಂಡು ಕೂತವನಿಗೆ ಈ ಮಾತು ಹೊಸದಲ್ಲ. ಹಿಂಗಾರಿ ಜೋಳದ ರಾಶಿ, ಕಡಲೆ ಒಕ್ಕಣೆ ಶುರುವಾಯಿತೆಂದರೆ ಮಷೀನಿನಿಂದ ಹಾರುವ ಹೊಟ್ಟು, ಸುಂಕು ಇಡೀ ಊರಿನ ಮೂಗಿಗೆ ಹತ್ತುತ್ತದೆ. ದಮ್ಮು ಇದ್ದವರು ಒಬ್ಬೊಬ್ಬರಾಗಿ ಬರುತ್ತಾರೆ. ಹತ್ತು ಜನರಲ್ಲಿ ಏಳೆಂಟು ಮಂದಿ ಇದೇ ಪಲ್ಲವಿ ಹಾಡುತ್ತಾರೆ. ಉಳಿದವರು ನಾಚಿಕೊಂಡು ಸುಮ್ಮನಿರುತ್ತಾರೆ.

ಚಟ ಎಂದರೆ ಏನು? ಮೈಗೆ ಬೇಡದ್ದನ್ನು ಮನಸ್ಸು ಬೇಕೆನ್ನುವುದು. ಉಸಿರು ಕಟ್ಟಿದವನಿಗೆ ಉಸಿರು ಬೇಕು ಅನಿಸುವುದು ಚಟವೇ? ನೀಲಿ ಪಂಪಿನಲ್ಲಿರುವ ಸಾಲ್ಬುಟಮಾಲ್‌ಗೆ ಅಮಲಿಲ್ಲ, ಗುಂಗಿಲ್ಲ. ಬಿಗಿದುಕೊಂಡ ಶ್ವಾಸನಾಳದ ಸ್ನಾಯುವನ್ನು ಸಡಿಲಿಸುತ್ತದೆ, ನಾಲ್ಕರಿಂದ ಆರು ತಾಸು ಕೆಲಸ ಮಾಡಿ ಹೋಗುತ್ತದೆ. ಬಿಡದೆ ಉಳಿಯುವುದು ಕಾಯಿಲೆ. ಬೈಗುಳ ಮಾತ್ರ ಪಂಪಿಗೆ.

‘ಕೊನೇ ಔಷಧ’ ಎಂಬ ಹೆಸರು ಇದಕ್ಕೆ ಹೇಗೆ ಬಂತೆಂದು ಯೋಚಿಸಿದ್ದೇನೆ. ಮೊದಲು ಕಷಾಯ, ಆಮೇಲೆ ಗುಳಿಗೆ, ಆಮೇಲೆ ಸೂಜಿ, ಆಮೇಲೆ ಪುಡಿ. ಎಲ್ಲ ಸೋತು ಮನುಷ್ಯ ಮಂಚ ಹಿಡಿದ ಮೇಲೆ ಪಂಪು. ನೋಡುವವರ ಕಣ್ಣಿಗೆ ಪಂಪು ಹಿಡಿದವರೆಲ್ಲ ಮಂಚ ಹಿಡಿದವರೇ. 108 ಗಾಡಿ ಬಂದ ಮನೆಯಲ್ಲಿ ಸಾವು ಹೆಚ್ಚು, ಆದ್ದರಿಂದ ಗಾಡಿ ಕರೆಯಬಾರದು ಅಂದಂತಾಯಿತು.

ಈಗ ಲೆಕ್ಕ ನೋಡಿ. ನನಗೆ ಸಿಟ್ಟು ಬರುವುದೇ ಇಲ್ಲಿ. ನೀಲಿ ಪಂಪು ಒಮ್ಮೆ ಒತ್ತಿದರೆ ಬರುವುದು 100 ಮೈಕ್ರೋಗ್ರಾಂ ಸಾಲ್ಬುಟಮಾಲ್. ಆ ಹಿರಿಯರು ಕೇಳಿದ ಗುಳಿಗೆಯಲ್ಲಿ ಇರುವುದೂ ಅದೇ ಸಾಲ್ಬುಟಮಾಲ್, 4 ಮಿಲಿಗ್ರಾಂ. ಅಂದರೆ 4,000 ಮೈಕ್ರೋಗ್ರಾಂ. ಒಂದು ಗುಳಿಗೆ, ನಲವತ್ತು ಒತ್ತು! ‘ಪಂಪು ಸ್ಟ್ರಾಂಗ್ ರೀ’ ಎಂದು ಹೆದರಿ ಓಡಿದವರು ನಲವತ್ತು ಪಟ್ಟನ್ನು ನೀರಿನ ಜೋಡಿ ನುಂಗುತ್ತಾರೆ. ಅದು ಹೊಟ್ಟೆಗಿಳಿದು, ರಕ್ತ ಸೇರಿ, ಮೈಯೆಲ್ಲ ತಿರುಗಿ, ಕೈ ನಡುಗಿಸಿ, ಎದೆ ಡವಗುಟ್ಟಿಸಿ, ಅರ್ಧ ತಾಸಿನ ನಂತರ ಪುಪ್ಪುಸಕ್ಕೂ ಒಂದಿಷ್ಟು ಮುಟ್ಟುತ್ತದೆ. ಪಂಪಿನದು ಐದು ನಿಮಿಷದ ಮಾತು.

ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ಹಚ್ಚಿದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಿಡದ ಬುಡಕ್ಕೆ ಡ್ರಿಪ್ ಹಾಕುತ್ತಾನೆ, ಹನಿ ಹನಿ ಲೆಕ್ಕ ಇಡುತ್ತಾನೆ. ಹೊಲದ ತುಂಬ ನೀರು ನಿಲ್ಲಿಸುವವನನ್ನು ಕಂಡು ನಗುತ್ತಾನೆ. ತನ್ನ ಎದೆಯ ವಿಷಯ ಬಂತೆಂದರೆ ಮಾತ್ರ ಕಾಲುವೆ ಒಡೆಯಬೇಕು ಅವನಿಗೆ.

ಇನ್ನು, ಉಸಿರಿನ ಮೂಲಕ ಔಷಧ ಎಳೆದುಕೊಳ್ಳುವುದು ‘ಇಂಗ್ಲಿಷ್ ಪದ್ಧತಿ’ ಎಂದು ಮೂಗು ಮುರಿಯುವವರಿಗೆ ಒಂದು ಮಾತು. ದಮ್ಮಿಗೆ ದತ್ತೂರಿಯ ಹೊಗೆ ಎಳೆಯುವ ರೂಢಿ ನಮ್ಮ ನೆಲದ್ದು. 1802ರ ಸುಮಾರಿಗೆ ಮದ್ರಾಸಿನಿಂದ ಅದು ಬ್ರಿಟನ್ನಿಗೆ ಹೋಯಿತು. ಅಲ್ಲಿ ನೂರು ವರ್ಷ ದತ್ತೂರಿ ಸಿಗರೇಟು ಮಾರಿದರು. (ಯಾರೂ ಪ್ರಯತ್ನಿಸಬೇಡಿ. ದತ್ತೂರಿ ವಿಷ, ಅಳತೆ ತಪ್ಪಿದರೆ ಹುಚ್ಚು ಹಿಡಿಸಿ ಕೊಲ್ಲುತ್ತದೆ.) ಕೈಯಲ್ಲಿ ಹಿಡಿಯುವ ಈಗಿನ ಪಂಪು 1956ರದ್ದು. ಅಮೆರಿಕದ ರೈಕರ್ ಎಂಬ ಕಂಪನಿಯ ಮುಖ್ಯಸ್ಥನ ಹದಿಮೂರು ವರ್ಷದ ಮಗಳಿಗೆ ದಮ್ಮಿತ್ತು. ಕೂದಲಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಹಾಗೆ ನನ್ನ ಔಷಧವನ್ನೂ ಯಾಕೆ ಮಾಡಬಾರದು ಎಂದು ಅವಳು ಅಪ್ಪನನ್ನು ಕೇಳಿದಳಂತೆ. ಸಾಲ್ಬುಟಮಾಲ್ ಬಂದದ್ದು 1969ರಲ್ಲಿ. ಅಂದರೆ ನಮ್ಮಲ್ಲಿ ಇದನ್ನು ‘ಹೊಸಾ ಔಷಧ’ ಎಂದು ಅನುಮಾನಿಸುವ ಎಷ್ಟೋ ಜನರಿಗಿಂತ ಇದಕ್ಕೇ ವಯಸ್ಸು ಹೆಚ್ಚು.

ನಾಚಿಕೆಯದು ಇನ್ನೊಂದು ಕಥೆ. ಎರಡು ವರ್ಷದ ಹಿಂದೆ ನಮ್ಮ ಸಂಬಂಧಿಕರು ಊರಿನ ಮಹಾದೇವ ಗುಡಿ ನೋಡಲು ಬಂದಿದ್ದರು. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಅನ್ನುತ್ತದೆ ಎಂದೆಲ್ಲ ಹೇಳುತ್ತಾ ನಾನು ಮುಂದೆ ನಡೆದಿದ್ದೆ. ಹೊಸದಾಗಿ ಮದುವೆಯಾದ ಹುಡುಗಿ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಎರಡೂ ಕೈ ಮೊಣಕಾಲ ಮೇಲೆ, ಭುಜ ಏರಿ ಇಳಿಯುತ್ತಿದೆ, ಎದೆಯಿಂದ ಪೀಪಿಯ ಸದ್ದು. ಸುತ್ತ ಸಲಹೆಗಳ ಜಾತ್ರೆ ನೆರೆಯಿತು. ಒಬ್ಬರು ನೀರು ಕುಡಿಸ್ರಿ ಅಂದರು, ಇನ್ನೊಬ್ಬರು ಮಲಗಿಸ್ರಿ ಅಂದರು. ಯಾರೋ ಉಳ್ಳಾಗಡ್ಡಿ ಜಜ್ಜಿ ಮೂಸಿಸ್ರಿ ಅಂದರು, ಮೂರ್ಛೆಗೂ ದಮ್ಮಿಗೂ ಉಳ್ಳಾಗಡ್ಡಿ ಒಂದೇ ನಮ್ಮವರಿಗೆ. ಆ ಹುಡುಗಿಯ ಬಲಗೈ ಮಾತ್ರ ಬ್ಯಾಗಿನ ಜಿಪ್ಪಿನ ಮೇಲೇ ಇತ್ತು. ತೆಗೆಯಲೊಲ್ಲಳು. ಎದುರಿಗೆ ಅತ್ತೆ ನಿಂತಿದ್ದರು.

ನಾನು ಜಿಪ್ಪು ಎಳೆದೆ. ಒಳಗಿನ ಕರ್ಚೀಫಿನಲ್ಲಿ ಸುತ್ತಿದ ನೀಲಿ ಪಂಪು. ಕೂತಲ್ಲೇ ಒಂದಾದ ಮೇಲೊಂದರಂತೆ ನಾಲ್ಕು ಒತ್ತು ಎಳೆದಳು, ನಡುವೆ ಅರ್ಧರ್ಧ ನಿಮಿಷ ಬಿಟ್ಟು. ಹತ್ತು ನಿಮಿಷಕ್ಕೆ ಮಾತು ಬಂತು. ಮೊದಲ ಮಾತೇ, “ಅತ್ತೀ, ಇದು ಚಟಾ ಅಲ್ರಿ.” ಅತ್ತೆ ಮುಖ ತಿರುಗಿಸಿದರು. ಅವರಿಗಿದ್ದ ಚಿಂತೆ ಸೊಸೆಯ ಉಸಿರಿನದಲ್ಲ, ಬೀಗರು ಹೇಳದೆ ಮುಚ್ಚಿಟ್ಟಿದ್ದರಲ್ಲ ಎಂಬುದು.

ಇಷ್ಟೆಲ್ಲ ಪಂಪಿನ ಪರ ವಕಾಲತ್ತು ಮಾಡಿದ ಮೇಲೆ ತಿರುಗಿಸಿ ಹೇಳಬೇಕಾದದ್ದೂ ಇದೆ. ನೀಲಿ ಪಂಪಿಗೆ ಹೆದರಬೇಕು. ಜನ ಹೆದರುವ ಕಾರಣಕ್ಕಲ್ಲ, ಅದು ಬಹಳ ಬೇಗ ಹಾಯೆನಿಸುತ್ತದೆ ಎಂಬ ಕಾರಣಕ್ಕೆ. ದಮ್ಮು, ಅಂದರೆ ಅಸ್ತಮಾ, ನಾಳ ಬಿಗಿಯುವುದಷ್ಟೇ ಅಲ್ಲ. ನಾಳದ ಒಳಗೋಡೆ ಬಾತಿರುತ್ತದೆ, ಕಫ ಕಟ್ಟಿರುತ್ತದೆ. ನೀಲಿ ಪಂಪು ಬಿಗಿತ ಬಿಡಿಸುತ್ತದೆ, ಬಾವನ್ನು ಮುಟ್ಟುವುದಿಲ್ಲ. ಬಾವು ಒಳಗೊಳಗೇ ಬೆಳೆಯುತ್ತಾ ಹೋಗುತ್ತದೆ. ಒಂದು ರಾತ್ರಿ ಹತ್ತು ಒತ್ತಿದರೂ ಕೇಳುವುದಿಲ್ಲ. ದಿನಾ ಒತ್ತುತ್ತಾ ಹೋದರೆ ಅದರ ಹಿಡಿತವೂ ಸಡಿಲಾಗುತ್ತದೆ. ‘ಚಟ’ ಎಂಬ ಮಾತಿನಲ್ಲಿ ಕಾಳಿನಷ್ಟು ಸತ್ಯ ಇದ್ದರೆ ಅದು ಇಷ್ಟೇ.

ಈ ಪಾಠ ಕಲಿಯಲು ಜಗತ್ತು ಬಹಳ ಬೆಲೆ ತೆತ್ತಿದೆ. 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಐಸೋಪ್ರಿನಲಿನ್ ಎಂಬ ಹಳೆಯ ಔಷಧದ ಜೋರು ಪಂಪು ಬಂದಾಗ ಅಸ್ತಮಾ ಸಾವು ಏರಿತು. 1970ರ ದಶಕದ ಕೊನೆಗೆ ನ್ಯೂಜಿಲೆಂಡಿನಲ್ಲಿ ಫೆನೊಟೆರಾಲ್ ಪಂಪಿನ ಕಾಲದಲ್ಲಿ ಮತ್ತೆ ಅದೇ ಆಯಿತು. ಅಸ್ತಮಾ ಚಿಕಿತ್ಸೆಗೆ ಜಗತ್ತಿನ ವೈದ್ಯರು ನೋಡುವ ಗಿನಾ ಮಾರ್ಗಸೂಚಿ 2019ರಲ್ಲಿ ನೇರವಾಗಿಯೇ ಹೇಳಿತು: ನೀಲಿ ಪಂಪು ಒಂದನ್ನೇ ನೆಚ್ಚಿಕೊಂಡು ಅಸ್ತಮಾಕ್ಕೆ ಚಿಕಿತ್ಸೆ ಮಾಡಬೇಡಿ, ಜೊತೆಗೆ ಬಾವು ಇಳಿಸುವ ಸ್ಟೀರಾಯ್ಡ್ ಪಂಪು ಇರಲಿ. ಹಾಗೆಂದು ಇದನ್ನು ಓದಿ ನಾಳೆಯೇ ನೀಲಿ ಪಂಪು ಎಸೆಯಬೇಡಿ. ಡಾಕ್ಟರ ಹತ್ತಿರ ಹೋಗಿ ಇನ್ನೊಂದನ್ನು ಕೇಳಿ.

ಅಂಗಡಿ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಡಬ್ಬಿಯಲ್ಲಿ 200 ಒತ್ತು. ವರ್ಷಕ್ಕೆ ಮೂರು ಡಬ್ಬಿ ಮುಟ್ಟಿತೆಂದರೆ ದಮ್ಮು ಉಲ್ಬಣಿಸುವ ಅಪಾಯ ಹೆಚ್ಚು. ಹನ್ನೆರಡು ಮುಟ್ಟಿತೆಂದರೆ ಜೀವಕ್ಕೇ ಅಪಾಯ ಹೆಚ್ಚು. ತಿಂಗಳಿಗೊಂದು ಡಬ್ಬಿ ಒಯ್ಯುವವರು ದಿನಕ್ಕೆ ಆರೇಳು ಒತ್ತುತ್ತಿದ್ದಾರೆ ಎಂದಾಯಿತು. ಅಂಥವರಿಗೆ ನಾನು ಡಬ್ಬಿ ಕೊಡುವ ಮೊದಲು ಬಯ್ಯುತ್ತೇನೆ. ವಾರದಲ್ಲಿ ಎರಡು ದಿನಕ್ಕಿಂತ ಹೆಚ್ಚು ನೀಲಿ ಪಂಪು ಬೇಕಾದರೆ ಅಸ್ತಮಾ ಹತೋಟಿಯಲ್ಲಿಲ್ಲ.

ಸ್ಟೀರಾಯ್ಡ್ ಅಂದ ಕೂಡಲೇ ಇನ್ನೊಂದು ಓಟ. ಪಂಪಿನ ಬುಡೆಸೊನೈಡ್ 200 ಮೈಕ್ರೋಗ್ರಾಂ. ದಮ್ಮು ಉಲ್ಬಣಿಸಿದಾಗ ನುಂಗಿಸುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಂ. ಔಷಧ ಬೇರೆ ಬೇರೆ, ತೂಕಕ್ಕೆ ತೂಕ ಹೋಲಿಸಬಾರದು, ಒಪ್ಪಿದೆ. ಆದರೂ ಮೊದಲನೆಯದನ್ನು ದಿನಾ ಎಳೆದು ಬಾಯಿ ಮುಕ್ಕಳಿಸಿ ಉಗುಳಿದವರಿಗೆ ಎರಡನೆಯದು ಬೇಕಾಗುವ ಪ್ರಸಂಗವೇ ಕಡಿಮೆ. ಇತ್ತ ಹೆಸರಿಲ್ಲದ, ಲೇಬಲ್ ಇಲ್ಲದ ‘ಗಿಡಮೂಲಿಕೆ’ ಪುಡಿಯನ್ನು ಯಾರೂ ಅನುಮಾನಿಸುವುದಿಲ್ಲ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ನಮ್ಮ ದೇಶದಲ್ಲಿ ಒಂದೆರಡು ಸಲವಲ್ಲ. ಪುಡಿ ತಿಂದು ಮುಖ ಚೆಂಡಿನಂತೆ ದುಂಡಗಾದವರನ್ನು ಕಂಡು “ಔಷಧ ಹಿಡೀತು ನೋಡ್ರಿ, ಮೈ ತುಂಬ್ಕೊಂಡಾಳ” ಎಂದು ಹಿಗ್ಗಿದವರನ್ನು ಬಲ್ಲೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಕೊಡಲಾರೆ. ದಮ್ಮು ಅಂಟುರೋಗವಲ್ಲ. ಬಸುರಿಯರು ಪಂಪು ಬಿಡಬಾರದು; ಬಿಟ್ಟರೆ ಹೊಟ್ಟೆಯ ಕೂಸಿಗೂ ಉಸಿರಿಲ್ಲ. ಆಸ್ಪತ್ರೆಯ ನೆಬ್ಯುಲೈಸರ್ ಹೊಗೆಯೇ ಜೋರು ಎಂಬುದೂ ಸುಳ್ಳು, ಸ್ಪೇಸರ್ ಎಂಬ ಕೊಳವೆ ಹಚ್ಚಿದ ಪಂಪು ಬಹುತೇಕ ಅದರ ಸಮಕ್ಕೆ ನಿಲ್ಲುತ್ತದೆ. ಪುಡಿ ಇನ್ಹೇಲರಿನ ಕ್ಯಾಪ್ಸೂಲನ್ನು ಯಂತ್ರದಲ್ಲಿ ಒಡೆದು ಪುಡಿ ಎಳೆಯಬೇಕೇ ಹೊರತು ನುಂಗಬಾರದು ಎಂದು ನಾನು ಹೇಳಿದಾಗ ಒಬ್ಬರು, “ಮೂರು ತಿಂಗಳಾತ್ರಿ ನುಂಗಾಕಹತ್ತಿ” ಅಂದರು.

‘ನನಗ ಪಂಪ್ ಹತ್ತಂಗಿಲ್ಲ’ ಎನ್ನುವವರಲ್ಲಿ ಬಹಳ ಮಂದಿ ಎಳೆಯುವುದೇ ತಪ್ಪು. ಡಬ್ಬಿ ಕುಲುಕಬೇಕು, ಉಸಿರು ಪೂರ್ತಿ ಹೊರಗೆ ಬಿಡಬೇಕು, ತುಟಿ ಬಿಗಿಹಿಡಿದು ನಿಧಾನ ಎಳೆಯಲು ಶುರುಮಾಡಿದಾಗಲೇ ಒಂದು ಸಲ ಒತ್ತಬೇಕು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಪುಡಿ ಯಂತ್ರವಾದರೆ ಉಲ್ಟಾ: ಜೋರಾಗಿ ಎಳೆಯಬೇಕು. ಮಕ್ಕಳಿಗೆ, ವಯಸ್ಸಾದವರಿಗೆ ಕೈ-ಉಸಿರಿನ ಹೊಂದಾಣಿಕೆ ಕಷ್ಟ, ಅವರಿಗೆ ಸ್ಪೇಸರ್. ಅದಕ್ಕೆ ದುಡ್ಡಿಲ್ಲವೆ? ಅರ್ಧ ಲೀಟರಿನ ನೀರಿನ ಬಾಟ್ಲಿಯ ತಳಕ್ಕೆ ಪಂಪಿನ ಬಾಯಿಯ ಅಳತೆಗೆ ತೂತು ಮಾಡಿ, ಸಂದಿ ಮುಚ್ಚಿ, ಬಾಟ್ಲಿಯ ಕೊರಳಿನಿಂದ ಎಳೆದರೂ ಆದೀತು. ದಕ್ಷಿಣ ಆಫ್ರಿಕದ ಕೇಪ್‌ಟೌನಿನ ವೈದ್ಯರು ಮಕ್ಕಳ ಮೇಲೆ ಪರೀಕ್ಷಿಸಿ 1999ರಲ್ಲೇ ಇದನ್ನು ತೋರಿಸಿಕೊಟ್ಟರು. ಗುಡಿ ಮುಂದೆ ಬಿದ್ದ ಬಾಟ್ಲಿಗಳಿಗೆ ಬರವಿಲ್ಲ, ಆದರೆ ಹೊಸದನ್ನೇ ತಗೊಳ್ಳಿ.

ದಮ್ಮು ಜೋರಾದರೆ ಮಲಗಿಸಬೇಡಿ, ಕೂರಿಸಿ. ನಾಲ್ಕು ಒತ್ತು, ಒಂದೊಂದಾಗಿ. ಇಪ್ಪತ್ತು ನಿಮಿಷಕ್ಕೂ ಇಳಿಯದಿದ್ದರೆ ಮತ್ತೆ ನಾಲ್ಕು, ಜೊತೆಗೇ ದವಾಖಾನೆಯ ದಾರಿ. ಒಂದು ಸಾಲು ಪೂರ್ತಿ ಮಾತಾಡಲಾಗದಿದ್ದರೆ, ತುಟಿ ನೀಲಿಯಾದರೆ ಇಪ್ಪತ್ತು ನಿಮಿಷವನ್ನೂ ಕಾಯಬೇಡಿ, 108ಕ್ಕೆ ಹಚ್ಚಿ; ಗಾಡಿ ಬರುವತನಕ ಪಂಪು ನಿಲ್ಲಿಸಬೇಡಿ.

ಮೃಗಶಿರ ಮಳೆ ಕೂಡುವ ದಿನ ನಮ್ಮದೇ ಜಿಲ್ಲೆಯ ಕುಟಗನಹಳ್ಳಿಗೆ ದಮ್ಮಿನ ಔಷಧಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಹೈದರಾಬಾದಿನಲ್ಲಿ ಅದೇ ಹೊತ್ತಿಗೆ ಜೀವಂತ ಮೀನು ನುಂಗುವ ಸಾಲು. ಹೋಗುವವರನ್ನು ತಡೆಯಲು ನಾನ್ಯಾರು? ಅಸ್ತಮಾ ತಾನಾಗಿ ಏರಿ ಇಳಿಯುವ ಕಾಯಿಲೆ. ಇಳಿದಾಗ ಪಕ್ಕದಲ್ಲಿ ಯಾವುದಿತ್ತೋ ಅದಕ್ಕೆ ಹಾರ ಬೀಳುತ್ತದೆ. ಪಂಪನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ ಎಂಬುದಷ್ಟೇ ನನ್ನ ತಕರಾರು. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಭಾರತದವರು ನೂರಕ್ಕೆ ಸುಮಾರು 13, ಅಸ್ತಮಾದಿಂದ ಸತ್ತವರಲ್ಲಿ ನೂರಕ್ಕೆ ಸುಮಾರು 42, 2019ರ ಅಂದಾಜಿದು. ಕಾರ್ಖಾನೆಗಳ ಧೂಳು ಸಾಕೆಂದು 2025ರ ಫೆಬ್ರುವರಿಯಲ್ಲಿ ಕೊಪ್ಪಳದ ಬೀದಿ ತುಂಬಿತ್ತು, ಸರಿಯಾದದ್ದೇ. ಧೂಳಿಗೆ ಮೆರವಣಿಗೆ ತೆಗೆದ ಊರಿನಲ್ಲಿ ಪಂಪನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ.

ಗುಟ್ಕಾದ ಹಿರಿಯರು ಕೊನೆಗೆ ಪಂಪು ಒಯ್ದರು, ನೀಲಿಯದೂ ಇನ್ನೊಂದೂ. ನಾಲ್ಕು ತಿಂಗಳ ಮೇಲೆ ಬಂದು ನೀಲಿ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದರು. “ಇನ್ನೂ ಗುಳುಗುಳು ಅಂತೈತಿ, ಖಾಲಿ ಆಗಿಲ್ರಿ.” 200 ಒತ್ತು ಮುಗಿದ ಮೇಲೂ ಒಳಗಿನ ಗ್ಯಾಸು ಹಾಗೇ ಸದ್ದು ಮಾಡುತ್ತದೆ, ಔಷಧ ಸರಿಯಾಗಿ ಬರುವುದಿಲ್ಲ ಎಂದೆ. ನಂಬಲಿಲ್ಲ. ಎಷ್ಟು ಒತ್ತು ಆಗಿವೆ ಅಂದೆ. “ಅದನ್ಯಾರು ಎಣಿಸ್ತಾರ್ರಿ?” ಎಂದು ಉಗುಳಲು ಹೊರಗೆ ಹೋದರು. ಅವರು ಬರುವಷ್ಟರಲ್ಲಿ ಹೊಸ ಡಬ್ಬಿಯ ಬೆನ್ನಿಗೆ ಬಿಳಿ ಪಟ್ಟಿ ಅಂಟಿಸಿ ಆ ದಿನದ ತಾರೀಖು ಬರೆದು, ಕೆಳಗೆ ಗೀಟು ಹಾಕಲು ಜಾಗ ಬಿಟ್ಟೆ.